ಹಳೆಯ ಯೆಜ್ಡಿಯ ಬೆಲೆ

ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದ ಕಾಯಿ ಉಂಡೆ ಕೊಬ್ಬರಿಯಾಗಿ ಬೆಲೆ ಪಡೆಯುವುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಾಚಕರು ಬಲ್ಲರು. ಯಂತ್ರಗಳ ಗತಿ ಬೇರೆ. ಕಾಲವು ಮೊದಲು ಅವುಗಳ ಬೆಲೆಯನ್ನು ಕಳೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸಿದ ಮೋಟಾರ್ ಸೈಕಲ್ಲುಗಳಿಗೆ 1973ರಲ್ಲಿ ಯೆಜ್ಡಿಯೆಂದು ಹೆಸರಾಯಿತು. 1985ರಲ್ಲಿ ಪೆಟ್ರೋಲನ್ನು ಮಿತವಾಗಿ ಬಳಸುವ ಹೀರೋ ಹೋಂಡಾ ಬಂದಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಬಿಡಿಭಾಗಗಳು ದುರ್ಲಭವಾಗಲು ಅನೇಕ ವಾಹನಗಳು ಗುಜರಿ ಸೇರಿದುವು. ಉಳಿದವು ವಿರಳವಾದ ಮೇಲೆ ಅಭಿಮಾನಿಗಳು ಹುಡುಕಿಕೊಂಡು ಬಂದರು, ಬೆಲೆಯೂ ಏರಿತು. 2022ರಲ್ಲಿ ಅದೇ ಹೆಸರಿನ ಹೊಸ ವಾಹನ ಬಂದರೂ ಹಳೆಯದರ ಮನ್ನಣೆ ಕುಂದಲಿಲ್ಲ. ಆದರೆ ವಿರಳತೆಯೊಂದೇ ಸಾಲದು. ತುಕ್ಕು ಹಿಡಿದು ನಿಂತದ್ದಕ್ಕೆ ಕಬ್ಬಿಣದ ಬೆಲೆ, ಓಡುವುದಕ್ಕೆ ಮಾತ್ರ ವಾಹನದ ಬೆಲೆ. ಬಿಡಿಭಾಗ ಸಿಗದ ವರ್ಷಗಳಲ್ಲಿ ಅದನ್ನು ಓಡುವಂತೆ ಇರಿಸಿದವನು ಊರಿನ ಮೆಕ್ಯಾನಿಕ್ಕು. ಇಂದಿನ ಬೆಲೆಯಲ್ಲಿ ಅವನ ದುಡಿಮೆಯೂ ಸೇರಿದೆ.