ಸ್ಟಾರ್ ವಾರ್ಸ್: ಮೂಲ ಪಾಠಗಳು ಮತ್ತು ಅಭಿಮಾನಿಗಳ ಹಂಬಲ

ಸ್ಟಾರ್ ವಾರ್ಸ್ ಮಾಲೆಯ ಮೊದಲ ಮೂರು ಚಿತ್ರಗಳು (1977, 1980, 1983) ಆಗ ತೆರೆಕಂಡ ರೂಪದಲ್ಲೇ ಮತ್ತೆ ಸಿಗಬೇಕು ಎಂಬುದು ಅವುಗಳ ಅಭಿಮಾನಿಗಳ ದೀರ್ಘಕಾಲದ ಒತ್ತಾಯ. 1997ರಲ್ಲಿ ನಿರ್ಮಾಪಕರೇ ಚಿತ್ರಗಳನ್ನು ತಿದ್ದಿ ಬಿಡುಗಡೆ ಮಾಡಿದ ಮೇಲೆ ಈ ಒತ್ತಾಯ ಹುಟ್ಟಿತು. ಮೊದಲನೆಯದನ್ನು ಜಾರ್ಜ್ ಲ್ಯೂಕಸ್, ಎರಡನೆಯದಾದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಅನ್ನು ಅರ್ವಿನ್ ಕರ್ಷ್ನರ್, ಮೂರನೆಯದಾದ ‘ರಿಟರ್ನ್ ಆಫ್ ದಿ ಜೆಡೈ’ ಅನ್ನು ರಿಚರ್ಡ್ ಮಾರ್ಕ್ವಾಂಡ್ ನಿರ್ದೇಶಿಸಿದ್ದರು. ತಿದ್ದುಪಡಿಗಳೆಲ್ಲ ನಡೆದದ್ದು ಲ್ಯೂಕಸ್ ಅವರ ತೀರ್ಮಾನದಂತೆ.

ಮೂಲ ಪಾಠದ ಪ್ರಶ್ನೆ

1977ರ ಮೇ 25ರಂದು ಬಿಡುಗಡೆಯಾದ ಚಿತ್ರ ಒಂದೇ, ಅದನ್ನು 1997ರಲ್ಲಿ ಕೆಡಿಸಲಾಯಿತು ಎಂಬ ಮಾತು ರೂಢಿಯಲ್ಲಿದೆ. ದಾಖಲೆಗಳು ಇಷ್ಟು ಸರಳವಾಗಿಲ್ಲ. ಮೊದಲ ವರ್ಷವೇ ಈ ಚಿತ್ರಕ್ಕೆ ಮೂರು ಬಗೆಯ ಧ್ವನಿಮುದ್ರಣಗಳಿದ್ದವು: 70 ಎಂಎಂ ಪ್ರತಿಗಳಿಗೆ ಆರು ಟ್ರ್ಯಾಕಿನದು, 35 ಎಂಎಂ ಪ್ರತಿಗಳಿಗೆ ಡಾಲ್ಬಿ ಸ್ಟೀರಿಯೋ, ಸಾಮಾನ್ಯ ಚಿತ್ರಮಂದಿರಗಳಿಗಾಗಿ ಕೊನೆಯಲ್ಲಿ ಸಿದ್ಧವಾದ ಮೋನೋ. ಮೋನೋದಲ್ಲಿ ನಾಯಕನ ಚಿಕ್ಕಮ್ಮ ಬೆರೂಳ ದನಿ ಬೇರೆ. ಶತ್ರುಗಳ ನೆಲೆಯಾದ ಡೆತ್ ಸ್ಟಾರ್‌ನ ನೌಕೆಗಳನ್ನು ಸೆಳೆದು ಹಿಡಿಯುವ ಟ್ರ್ಯಾಕ್ಟರ್ ಬೀಮನ್ನು ಎಲ್ಲಿ ನಿಲ್ಲಿಸಬಹುದೆಂದು ರೋಬೋ ಸಿ-3ಪಿಒ ವಿವರಿಸುವ ಮಾತು ಸ್ಟೀರಿಯೋದಲ್ಲಿ ಇರಲಿಲ್ಲ, ಮೋನೋದಲ್ಲಿತ್ತು.

ಪರದೆಯ ಮೇಲೆ ಹಿಂದಕ್ಕೆ ಸರಿಯುತ್ತಾ ಹೋಗುವ ಹಳದಿ ಅಕ್ಷರಗಳ ಪೀಠಿಕೆಯೂ ಮೊದಲಿನಂತೆ ಉಳಿದಿಲ್ಲ. ‘ನಾಲ್ಕನೆಯ ಅಧ್ಯಾಯ’ ಎಂಬ ಸಾಲು, ‘ಎ ನ್ಯೂ ಹೋಪ್’ ಎಂಬ ಉಪಶೀರ್ಷಿಕೆ ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ‘ಎಂಪೈರ್’ 1980ರ ಮೇ ತಿಂಗಳಲ್ಲಿ 70 ಎಂಎಂನಲ್ಲಿ ತೆರೆಕಂಡಾಗ ಒಂದು ರೂಪದಲ್ಲಿತ್ತು. ಅದರ 35 ಎಂಎಂ ಪ್ರತಿಗಳಿಗೆ ಕೊನೆಯ ಭಾಗದಲ್ಲಿ ಬಂಡುಕೋರರ ನೌಕಾಪಡೆಯನ್ನು ಹೊರಗಿನಿಂದ ತೋರಿಸುವ ಹೊಸ ಶಾಟ್‌ಗಳನ್ನು ಸೇರಿಸಲಾಯಿತು. 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟಿನಿಂದ ಚಿತ್ರವನ್ನು ಕಂಡುಕೊಂಡ ಪೀಳಿಗೆ ಪ್ರೀತಿಸಿದ್ದು ಇಕ್ಕೆಲಗಳಲ್ಲಿ ಕತ್ತರಿಸಿ ಟಿವಿಯ ಚೌಕಟ್ಟಿಗೆ ಹೊಂದಿಸಿದ ಪಾಠವನ್ನು. ಹೀಗಾಗಿ ಅಭಿಮಾನಿಗಳು ‘ಮೂಲ’ ಎಂದು ನೆನೆಯುವುದು ಎಲ್ಲರಿಗೂ ಒಂದೇ ಅಲ್ಲ. ಇದನ್ನು ಕಡೆಗಣಿಸಿ ಬರೆದ ಇತಿಹಾಸಗಳು ದಾರಿ ತಪ್ಪಿವೆ.

1997 ಮತ್ತು ನೆಗೆಟಿವ್‌ನ ವಿವಾದ

ಇಪ್ಪತ್ತನೇ ವರ್ಷದ ಮರುಬಿಡುಗಡೆಗೆಂದು ಮೊದಲ ಚಿತ್ರದ ನೆಗೆಟಿವ್ ತೆಗೆದಾಗ ಅದರ ಬಣ್ಣ ಮಾಸಿತ್ತು, ಕೊಳೆ ಕೂತಿತ್ತು. ದೃಶ್ಯಗಳನ್ನು ಒಂದರ ಮೇಲೊಂದು ಬೆಸೆಯುವ ಆಪ್ಟಿಕಲ್ ಕೆಲಸಕ್ಕೆ ಬಳಸಿದ್ದ ಒಂದು ಬಗೆಯ ಫಿಲ್ಮ್ ಉಳಿದವಕ್ಕಿಂತ ಬೇಗ ಹಾಳಾಗಿತ್ತು. ತೊಳೆದು ಸರಿಪಡಿಸುವ ಹೊತ್ತಿನಲ್ಲೇ ಹೊಸ ಕಂಪ್ಯೂಟರ್ ದೃಶ್ಯಗಳನ್ನು ಅದೇ ನೆಗೆಟಿವ್‌ನಲ್ಲಿ ಹಳೆಯ ತುಣುಕುಗಳ ಜಾಗಕ್ಕೆ ಜೋಡಿಸಲಾಯಿತು. ಮೂಲ ನಾಶವಾಯಿತು ಎಂಬ ಸುದ್ದಿ ಹಬ್ಬಿದ್ದು ಇದರಿಂದ. ಅದು ಪೂರ್ತಿ ನಿಜವಲ್ಲ. ನೆಗೆಟಿವ್‌ನ ಜೋಡಣೆ ಬದಲಾಯಿತೆಂಬುದು ಸರಿ. ಆದರೆ ಬಣ್ಣಗಳನ್ನು ಬೇರ್ಪಡಿಸಿ ಕಪ್ಪು-ಬಿಳುಪಿನಲ್ಲಿ ಕಾದಿಟ್ಟ ಮಾಸ್ಟರ್‌ಗಳು, ಬಣ್ಣ ಮಾಸದ ಟೆಕ್ನಿಕಲರ್ ಪ್ರತಿಗಳು ಉಳಿದಿದ್ದವು. ಮೂಲವನ್ನು ಮತ್ತೆ ಕಟ್ಟಲು ತಾಂತ್ರಿಕ ಅಡ್ಡಿ ಇರಲಿಲ್ಲ, ಮನಸ್ಸಿರಲಿಲ್ಲ ಎಂದೇ ಹೇಳಬೇಕಾಗುತ್ತದೆ.

ಬದಲಾವಣೆಗಳಲ್ಲಿ ಹೆಚ್ಚು ಕೆರಳಿಸಿದ್ದು ಕೆಲವೇ ಸೆಕೆಂಡುಗಳದು. 1977ರ ಪಾಠದಲ್ಲಿ ಕಳ್ಳಸಾಗಣೆಗಾರ ಹಾನ್ ಸೋಲೋ ಮದ್ಯದಂಗಡಿಯಲ್ಲಿ ಕೂತು ಮಾತಾಡುತ್ತಲೇ ಮೇಜಿನ ಕೆಳಗೆ ಸದ್ದಿಲ್ಲದೆ ಪಿಸ್ತೂಲು ಎಳೆದು ತನ್ನನ್ನು ಹಿಡಿಯಲು ಬಂದು ಎದುರು ಕೂತ ಗ್ರೀಡೋನನ್ನು ಕೊಲ್ಲುತ್ತಾನೆ. 1997ರಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸಿ, ಮೇಜಿನಷ್ಟೇ ದೂರದಲ್ಲಿ ಗುರಿ ತಪ್ಪುತ್ತಾನೆ. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊಡೆಯುತ್ತಾರೆ. 2019ರ ಡಿಸ್ನಿ ಪ್ಲಸ್ ಪಾಠದಲ್ಲಿ ಗ್ರೀಡೋನ ಬಾಯಲ್ಲಿ ‘ಮಕ್ಲಂಕಿ’ ಎಂಬ ಹೊಸ ಮಾತು ಸೇರಿತು. ಸ್ವಾರ್ಥಿಯೊಬ್ಬ ಸ್ನೇಹಕ್ಕಾಗಿ ಪ್ರಾಣ ಪಣಕ್ಕಿಡುವವನಾಗಿ ಬದಲಾಗುವುದೇ ಹಾನ್‌ನ ಕಥೆ. ಅವನನ್ನು ಮೊದಲೇ ಒಳ್ಳೆಯವನನ್ನಾಗಿ ಮಾಡಿದರೆ ಆ ಬದಲಾವಣೆಯ ತೂಕವೇ ಇಳಿಯುತ್ತದೆ ಎಂಬ ಆಕ್ಷೇಪಕ್ಕೆ ಇದುವರೆಗೂ ತೃಪ್ತಿಕರ ಉತ್ತರ ಬಂದಿಲ್ಲ.

2004ರಲ್ಲಿ ‘ಜೆಡೈ’ ಚಿತ್ರದ ಕೊನೆಯಲ್ಲಿ ಕಾಣುವ ನಾಯಕನ ತಂದೆ ಅನಾಕಿನ್‌ನ ಚೇತನಕ್ಕೆ ನಟ ಸೆಬಾಸ್ಟಿಯನ್ ಶಾ ಅವರ ಜಾಗದಲ್ಲಿ ಹೇಡನ್ ಕ್ರಿಸ್ಟೆನ್ಸನ್ ಅವರನ್ನು ಕೂರಿಸಲಾಯಿತು. ಶಾ 1994ರಲ್ಲೇ ತೀರಿಕೊಂಡಿದ್ದರು, ನಿರ್ದೇಶಕ ಮಾರ್ಕ್ವಾಂಡ್ 1987ರಲ್ಲಿ. ಕರ್ತೃ ತನ್ನ ಕೃತಿಯನ್ನು ತಿದ್ದುವ ಹಕ್ಕು ಉಳ್ಳವನು ಎಂಬ ಲ್ಯೂಕಸ್ ಪಕ್ಷದ ವಾದ ಹೆಚ್ಚು ಸಡಿಲವಾಗುವುದು ಇಲ್ಲಿಯೇ. ಹಳೆಯ ಚಿತ್ರಗಳಿಗೆ ಬಣ್ಣ ಬಳಿಯುವುದನ್ನು ವಿರೋಧಿಸಿ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ನುಡಿದವರಲ್ಲಿ ಲ್ಯೂಕಸ್ ಕೂಡ ಒಬ್ಬರು. ಅಂದು ಅವರ ಗುರಿ ಕೃತಿಕಾರರನ್ನು ಕೇಳದೆ ತಿದ್ದುವ ಹಕ್ಕುದಾರ ಕಂಪನಿಗಳು. ಈ ಸಂದರ್ಭವನ್ನು ಬಿಟ್ಟು ಅವರ ಮಾತನ್ನು ಅವರಿಗೇ ತಿರುಗಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಚಿತ್ರಗಳು ಸಾರ್ವಜನಿಕ ಪರಂಪರೆಗೆ ಸೇರಿದವು ಎಂಬ ಅವರ ಅಂದಿನ ನಿಲುವು ಅಭಿಮಾನಿಗಳ ಗಟ್ಟಿ ಆಧಾರವಾಗಿ ಉಳಿದಿದೆ. ಆ ಪರಂಪರೆಯ ಭಾಗವೆಂಬಂತೆ 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಆರಿಸಿದ ಮೊದಲ 25 ಚಿತ್ರಗಳಲ್ಲಿ ಸ್ಟಾರ್ ವಾರ್ಸ್ ಸೇರಿತ್ತು.

ಅಭಿಮಾನಿಗಳ ಪುನರುದ್ಧಾರ

2006ರ ಸೆಪ್ಟೆಂಬರಿನಲ್ಲಿ ಮೂಲ ಪಾಠಗಳು ಡಿವಿಡಿಯಲ್ಲಿ ಬಂದವು, ಅದೂ ತಿದ್ದಿದ ಪಾಠದ ಜೊತೆ ಕೊಟ್ಟ ಹೆಚ್ಚುವರಿ ಡಿಸ್ಕ್ ಆಗಿ. ಅವನ್ನು ತಯಾರಿಸಿದ್ದು 1993ರ ಲೇಸರ್‌ಡಿಸ್ಕ್ ಮಾಸ್ಟರ್‌ನಿಂದ. ಫಿಲ್ಮಿನ ಗ್ರೇನ್ (ಕಣಕಣವಾದ ನೋಟ) ಅಳಿಸಲು ಅಂದು ಬಳಸಿದ ಯಂತ್ರದ ದೆಸೆಯಿಂದ ಚಲಿಸುವ ವಸ್ತುಗಳ ಹಿಂದೆ ಮಸುಕು ಬಾಲ ಎಳೆದಂತೆ ಕಾಣುತ್ತಿತ್ತು. ಅಗಲ ಪರದೆಯ ಟಿವಿಯಲ್ಲಿ ಚಿತ್ರದ ನಾಲ್ಕೂ ಕಡೆ ಕಪ್ಪು ಅಂಚು. ಹಣ ಕೊಟ್ಟು ಕೊಂಡವರ ನಿರಾಸೆಯೇ ಮುಂದಿನ ಕೆಲಸಕ್ಕೆ ಬೀಜವಾಯಿತು.

‘ಹಾರ್ಮಿ’ ಎಂಬ ಹೆಸರಿನಲ್ಲಿ ಕೆಲಸ ಮಾಡಿದ ಜೆಕ್ ಅಭಿಮಾನಿಯ ‘ಡಿಸ್ಪೆಷಲೈಸ್ಡ್ ಎಡಿಷನ್’ ತಿದ್ದಿದ ಪಾಠದ ಬ್ಲೂ-ರೇಯನ್ನು ತಳಹದಿಯಾಗಿಟ್ಟು, ತಿದ್ದಿದ ಕಡೆಗಳಲ್ಲಿ ಬೇರೆ ಬೇರೆ ಆಕರಗಳ ಹಳೆಯ ದೃಶ್ಯಗಳನ್ನು ಹೊಲಿದು ಜೋಡಿಸಿತು. ನಂತರದ ಗುಂಪುಗಳು ಹೊಲಿಗೆಯನ್ನೇ ಬಿಟ್ಟು, ಚಿತ್ರಮಂದಿರಗಳಲ್ಲಿ ಓಡಿದ್ದ 35 ಎಂಎಂ ಪ್ರಿಂಟುಗಳನ್ನು ಹುಡುಕಿ ಸ್ಕ್ಯಾನ್ ಮಾಡಿದವು. 2016ರ ‘ಸಿಲ್ವರ್ ಸ್ಕ್ರೀನ್ ಎಡಿಷನ್’, 2018ರ ‘4ಕೆ77’ ಈ ಬಗೆಯವು. ಗೀರು, ರೀಲು ಬದಲಿಸಲು ಹಾಕಿದ ಗುರುತುಗಳನ್ನೆಲ್ಲ ಒಂದೊಂದು ಫ್ರೇಮಿನಲ್ಲೂ ನೋಡಿ, ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕೆಂದು ನಿರ್ಧರಿಸಿದ ಶ್ರಮ ಇದು. ಕಾನೂನಿನ ದೃಷ್ಟಿಯಲ್ಲಿ ಇವೆಲ್ಲ ಅನುಮತಿಯಿಲ್ಲದ ಪ್ರತಿಗಳು. ಮಾರಾಟ ಇವರ ಉದ್ದೇಶವಾಗಿರಲಿಲ್ಲ. ಗ್ರಂಥ ಸಂಪಾದನೆಯ ಶಿಸ್ತಿನಿಂದ ನೋಡಿದರೆ ಇಷ್ಟು ನಿಷ್ಠೆಯ ಪಾಠ ಪರಿಷ್ಕರಣೆ ಜನಪ್ರಿಯ ಸಿನಿಮಾದಲ್ಲಿ ಅಪರೂಪ.

ಇತ್ತೀಚಿನ ಬೆಳವಣಿಗೆ

2012ರಲ್ಲಿ ಲ್ಯೂಕಸ್‌ಫಿಲ್ಮ್ ಡಿಸ್ನಿಯ ವಶವಾಯಿತು. ಮೊದಲ ಚಿತ್ರದ ವಿತರಣೆ ಹಕ್ಕು ಫಾಕ್ಸ್ ಸ್ಟುಡಿಯೋ ಬಳಿಯಿದ್ದುದೇ ಮೂಲ ಪಾಠದ ಬಿಡುಗಡೆಗೆ ತೊಡಕು ಎಂದು ಊಹಿಸಲಾಗಿತ್ತು. 2019ರಲ್ಲಿ ಫಾಕ್ಸ್ ಕೂಡ ಡಿಸ್ನಿಗೆ ಸೇರಿದ ಮೇಲೂ ಆ ವರ್ಷ ಹೊರಬಂದದ್ದು ಮತ್ತೊಂದು ತಿದ್ದಿದ ಪಾಠವೇ. 2025ರ ಜೂನ್ 12ರಂದು ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಭಂಡಾರದಲ್ಲಿ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ದಶಕಗಳ ಕಾಲ ಕಾದಿಟ್ಟಿದ್ದ 1977ರ ಟೆಕ್ನಿಕಲರ್ ಪ್ರಿಂಟನ್ನು ಸಾರ್ವಜನಿಕರಿಗೆ ತೋರಿಸಿತು. ಲ್ಯೂಕಸ್‌ಫಿಲ್ಮ್‌ನ ಆಗಿನ ಅಧ್ಯಕ್ಷೆ ಕ್ಯಾಥ್ಲೀನ್ ಕೆನಡಿ ಪ್ರದರ್ಶನಕ್ಕೆ ಹಾಜರಿದ್ದರು. ಐವತ್ತನೇ ವರ್ಷದ ಅಂಗವಾಗಿ 2027ರಲ್ಲಿ ಮೊದಲ ಚಿತ್ರವನ್ನು ಮತ್ತೆ ಚಿತ್ರಮಂದಿರಗಳಿಗೆ ತರುವುದಾಗಿ ಸಂಸ್ಥೆ ಅದೇ ವರ್ಷ ಘೋಷಿಸಿತು. ಆ ಘೋಷಣೆ ಒಂದು ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದು. ‘ಎಂಪೈರ್’ ಮತ್ತು ‘ಜೆಡೈ’ಗಳ ಮೂಲ ಪಾಠ ಅಂಗಡಿಯಲ್ಲಿ ಕೊನೆಯ ಬಾರಿ ಅಧಿಕೃತವಾಗಿ ಸಿಕ್ಕಿದ್ದು 2006ರ ಆ ಹೆಚ್ಚುವರಿ ಡಿಸ್ಕುಗಳಲ್ಲಿ.