ಒಂದೇ ಹುಳು, ಮೂರು ವೇಷ

ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಕೊನೆಯ ದಿನಗಳಲ್ಲಿ ಕೊಟ್ಟ ಸೂಪು, ಸಾಸೇಜುಗಳಲ್ಲಿ ಹಂದಿಮಾಂಸದಿಂದ ಬಿಡಿಸಿ ತೆಗೆದ ಪುಟ್ಟ ನೀರ್ಗುಳ್ಳೆಗಳಿದ್ದವು. ಬೆರೆಸಿ ಕೊಡಿಸಿದವನು ಜರ್ಮನಿಯ ತ್ಸಿಟಾವ್ ಊರಿನ ವೈದ್ಯ ಫ್ರೀಡ್ರಿಷ್ ಕ್ಯೂಖೆನ್‌ಮೈಸ್ಟರ್. ಶಿಕ್ಷೆ ಜಾರಿಯಾದ ಮೇಲೆ ಶವವನ್ನು ಕೊಯ್ದು ನೋಡಿದಾಗ ಕರುಳಿನ ಗೋಡೆಗೆ ಎಳೆಯ ಲಾಡಿಹುಳುಗಳು ಕಚ್ಚಿಕೊಂಡಿದ್ದವು. 1855ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಅಂದಿನವರೇ ಕೆಲವರು ಹೇಯವೆಂದರು. ಆದರೆ ಅದರಿಂದ ಒಂದು ಸಂಗತಿ ಖಚಿತವಾಯಿತು. ಹಂದಿಯ ಮಾಂಸದೊಳಗಿನ ಗುಳ್ಳೆ, ಮನುಷ್ಯನ ಕರುಳಿನ ಉದ್ದನೆಯ ಹುಳು, ಎರಡೂ ಒಂದೇ ಪ್ರಾಣಿ.

ಗುಳ್ಳೆಯಿರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದ ಜೊತೆ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆ ಹಂದಿಯ ಹೊಟ್ಟೆ ಸೇರಿದರೆ ಮತ್ತೆ ಗುಳ್ಳೆ. ಕೊಳಕು ಕೈ, ಕೊಳಕು ನೀರು, ತೊಳೆಯದ ಸೊಪ್ಪಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೂ ಗುಳ್ಳೆಯೇ. ಎಷ್ಟೋ ಸಲ ಅದು ಕಟ್ಟುವುದು ಮಿದುಳಿನಲ್ಲಿ. ಆದ್ದರಿಂದ ಹಂದಿಮಾಂಸವನ್ನು ಮುಟ್ಟದವರಿಗೂ, ಪಕ್ಕಾ ಸಸ್ಯಾಹಾರಿಗಳಿಗೂ ಇದು ಬರುತ್ತದೆ.

ಮಿದುಳಿನ ಗುಳ್ಳೆಯ ಗುಣ ತಿಳಿದದ್ದು ಬಹುಮಟ್ಟಿಗೆ ಭಾರತದಲ್ಲಿದ್ದು ಹೋದ ಬ್ರಿಟಿಷ್ ಸೈನಿಕರಿಂದ. 1930ರ ದಶಕದಲ್ಲಿ ಸೇನಾವೈದ್ಯ ಮ್ಯಾಕಾರ್ಥರ್, ಊರಿಗೆ ಮರಳಿದ ಸೈನಿಕರಿಗೆ ಬರುತ್ತಿದ್ದ ಫಿಟ್ಸಿಗೆ ಈ ಗುಳ್ಳೆಗಳೇ ಕಾರಣವೆಂದು ತೋರಿಸಿದ. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಇಂಥ 450 ಜನರ ವಿವರ ಪ್ರಕಟಿಸಿದರು. ಸೋಂಕು ತಗಲಿದ ಎಷ್ಟೋ ವರ್ಷಗಳ ಮೇಲೆ ಮೊದಲ ಫಿಟ್ಸ್ ಬಂದವರು ಅವರಲ್ಲಿ ಬಹಳ. ಅಂದರೆ ಹುಳು ಜೀವಂತವಾಗಿದ್ದಷ್ಟು ಕಾಲ ದೇಹ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅದು ಸಾಯತೊಡಗಿದಾಗ ಸುತ್ತಲೂ ಉರಿಯೂತವೆದ್ದು ಮಿದುಳು ಕೆರಳುತ್ತದೆ.

ನಮ್ಮಲ್ಲಿ ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಫಿಟ್ಸ್ ಬಂದ ಅನೇಕರ ಮಿದುಳಿನಲ್ಲಿ ಒಂದೇ ಒಂದು ಪುಟ್ಟ ಉಂಗುರ ಕಾಣಿಸತೊಡಗಿತು. ಕ್ಷಯದ ಗಂಟೆಂದು ತಿಂಗಳುಗಟ್ಟಲೆ ಟಿ.ಬಿ. ಔಷಧ ಕೊಡುವುದು ರೂಢಿಯಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿದರು. ಹೆಚ್ಚಿನವು ಸಾಯುತ್ತಿದ್ದ ಲಾಡಿಹುಳುವಿನ ಮರಿಗಳಾಗಿದ್ದವು. ಬೇಡದ ಔಷಧದಿಂದ ಎಷ್ಟೋ ರೋಗಿಗಳು ಪಾರಾದರು.

ಹಾಗಾದರೆ ಜೀವಂತ ಗುಳ್ಳೆಯನ್ನು ದೇಹ ಏಕೆ ಸಹಿಸಿಕೊಳ್ಳುತ್ತದೆ? ಮೊಟ್ಟೆಯಿಂದ ಹೊರಬಿದ್ದ ಭ್ರೂಣ, ಗುಳ್ಳೆ, ಕರುಳಿನ ಹುಳು, ಮೂರರಲ್ಲೂ ಇರುವುದು ಅದೇ ಜೀನುಗಳು. ಯಾವ ಹಂತದಲ್ಲಿ ಯಾವ ಜೀನು ಕೆಲಸ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಕೆಲಸ ಮಾಡುತ್ತಿರುವ ಜೀನು ಆರ್‌ಎನ್‌ಎ ಎಂಬ ನಕಲನ್ನು ಹೊರಡಿಸುತ್ತದೆ. ಆ ನಕಲುಗಳನ್ನು ಓದಿದರೆ ಹುಳು ಆ ಹೊತ್ತಿಗೆ ಏನು ತಯಾರಿಸುತ್ತಿದೆ ಎಂದು ತಿಳಿಯುತ್ತದೆ. ಗುಳ್ಳೆಯಾದ ಮೇಲೆ ಅದು ದೇಹದ ಕಾವಲನ್ನು ತಪ್ಪಿಸಿಕೊಳ್ಳಬಲ್ಲದು. ಆದರೆ ಆಗಷ್ಟೇ ಹೊರಬಿದ್ದ ಭ್ರೂಣಕ್ಕೆ ಆ ಶಕ್ತಿಯಿಲ್ಲ. ಹೊಡೆಯುವುದಾದರೆ ಆಗಲೇ ಹೊಡೆಯಬೇಕು.

ಮೊದಲ ಗೆಲುವು ಕುರಿಗಳಲ್ಲಿ. ಕುರಿಗೆ ತಗಲುವ ಲಾಡಿಹುಳುವಿನ ಭ್ರೂಣದ ಆರ್‌ಎನ್‌ಎಯಿಂದ ಜೀನೊಂದನ್ನು ಹೆಕ್ಕಿ, ಅದರ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು 1989ರಲ್ಲಿ ಲಸಿಕೆಯೊಂದನ್ನು ಪ್ರಕಟಿಸಿದರು. ಆ ತಂಡದಲ್ಲಿದ್ದ ಮಾರ್ಷಲ್ ಲೈಟೌಲರ್ಸ್ ಅದೇ ದಾರಿ ಹಿಡಿದು ಹಂದಿಯ ಹುಳುವಿಗೆ ಬಂದರು. ಭ್ರೂಣದ ಟಿಸಾಲ್18 ಎಂಬ ಪ್ರೋಟೀನು ಪ್ರಯೋಗಗಳಲ್ಲಿ ಹಂದಿಗಳಿಗೆ ಹೆಚ್ಚುಕಡಿಮೆ ಪೂರ್ಣ ರಕ್ಷಣೆ ಕೊಟ್ಟಿತು. 2013ರಲ್ಲಿ ನಾಲ್ಕು ಬಗೆಯ ಲಾಡಿಹುಳುಗಳ ಇಡೀ ಜೀನೋಮು ಪ್ರಕಟವಾಯಿತು. ಕೊಬ್ಬಿನಾಮ್ಲ, ಕೊಲೆಸ್ಟರಾಲುಗಳನ್ನು ತಾನೇ ತಯಾರಿಸುವ ಶಕ್ತಿಯನ್ನು ಈ ಹುಳು ಕಳೆದುಕೊಂಡಿದೆ. ಎಲ್ಲವೂ ಆತಿಥೇಯನಿಂದಲೇ ಬರಬೇಕು.

ಟಿಸಾಲ್18 ಲಸಿಕೆಯನ್ನು ತಯಾರಿಸುತ್ತಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್. ಆಗಲೇ ಕಟ್ಟಿದ ಗುಳ್ಳೆಯನ್ನು ಅದು ಕೊಲ್ಲಲಾರದು. ಅದಕ್ಕೆ ಹಂದಿಗೆ ಆಕ್ಸ್‌ಫೆಂಡಜೋಲ್ ಔಷಧವೂ ಬೇಕು. ಲಸಿಕೆ ಹಾಕಿದರೆ ಹಂದಿಗೆ ಕಾಯಿಲೆ ಕಡಿಮೆಯಾಗುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಅದು ಕಾಯಿಲೆ ಬಿದ್ದಂತೆ ತೋರುವುದೇ ಇಲ್ಲ. ಹಂದಿ ಸಾಕುವ ಬಡವನಿಗೆ ಕಣ್ಣಿಗೆ ಕಾಣುವ ಲಾಭವಿಲ್ಲ, ಖರ್ಚು ಮಾತ್ರ ಅವನದು. ಉಳಿಯುವುದು ಇನ್ನಾರದೋ ಮನೆಯ ಮಗುವಿನ ಮಿದುಳು. ಜೀನು ಪತ್ತೆಯಾಗಿದೆ, ಲಸಿಕೆಯೂ ಸಿದ್ಧವಿದೆ. ಆ ಖರ್ಚನ್ನು ಹೊರುವವರು ಯಾರು ಎಂಬುದಕ್ಕೆ ಪ್ರಯೋಗಶಾಲೆಯಲ್ಲಿ ಉತ್ತರ ಸಿಗುವುದಿಲ್ಲ.