ಚಳಿಗಾಲದ ಗುಲಾಬಿಯ ಕುಲಮೂಲ



ಜುಲೈ ತಿಂಗಳ ಚಳಿಯಲ್ಲಿ ಸಿಡ್ನಿ, ಮೆಲ್ಬರ್ನ್ ನಗರಗಳ ಹಳೆಯ ಬೇಲಿಗಳ ಮೇಲೆ ನಸುಗೆಂಪಾಗಿ ಅರಳುವ ‘ಲೊರೇನ್ ಲೀ’ ಗುಲಾಬಿಯನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅದರ ಪೂರ್ವಜರಲ್ಲೊಂದು ಏಷ್ಯಾದ ಕಾಡುಬಳ್ಳಿಯೆಂಬುದನ್ನು ಬಲ್ಲವರು ವಿರಳ.

ಮಣಿಪುರ, ಬರ್ಮಾ, ಯುನ್ನಾನ್ ಬೆಟ್ಟಗಳಲ್ಲಿ ಮರವನ್ನೇರಿ ಬೆಳೆಯುವ ಕಾಡುಗುಲಾಬಿ ‘ರೋಸಾ ಜೈಗ್ಯಾಂಟಿಯಾ’. 1880ರ ದಶಕದಲ್ಲಿ ಯೂರೋಪಿನ ಸಸ್ಯಶಾಸ್ತ್ರಜ್ಞರು ಇದನ್ನು ಗುರುತಿಸಿದರು. ಆದರೆ ಉತ್ತರದ ಕಠಿಣ ಹಿಮವನ್ನು ತಾಳುವ ಶಕ್ತಿ ಅದಕ್ಕಿರಲಿಲ್ಲ; ಇಂಗ್ಲೆಂಡಿನಲ್ಲಿ ಅದಕ್ಕೆ ಗಾಜಿನ ಮನೆಯ ಆಶ್ರಯ ಬೇಕಾಯಿತು.

ಮೆಲ್ಬರ್ನ್ ಸಮೀಪದ ಬುಲ್ಲಾದಲ್ಲಿ, ‘ಗ್ಲೆನಾರಾ’ ಎಂಬ ತಮ್ಮ ಎಸ್ಟೇಟಿನಲ್ಲಿ, ಆಲಿಸ್ಟರ್ ಕ್ಲಾರ್ಕ್ (1864–1949) ಬೇರೆ ಬಗೆಯಲ್ಲಿ ಯೋಚಿಸಿದರು. ಈ ನೆಲಕ್ಕೆ ಬೇಕಾದುದು ಬೇಸಗೆಯ ಬಿಸಿಲನ್ನು ತಾಳಿ, ಸೌಮ್ಯವಾದ ಚಳಿಗಾಲದಲ್ಲಿಯೂ ಹೂಬಿಡುವ ಗಿಡ. ವರ್ಷಕ್ಕೊಮ್ಮೆ ಮಾತ್ರ ಅರಳುವ ಆ ಕಾಡುಬಳ್ಳಿಯನ್ನು ಅವರು ಪದೇಪದೇ ಹೂಬಿಡುವ ಟೀ ಗುಲಾಬಿಯೊಡನೆ ಸಂಕರಗೊಳಿಸಿದರು. 1915ರಲ್ಲಿ ಬಂದ ‘ಜೆಸ್ಸಿ ಕ್ಲಾರ್ಕ್’ ತಳಿಯೂ ವರ್ಷಕ್ಕೊಮ್ಮೆಯೇ ಅರಳಿತು. ಅದನ್ನು ಮತ್ತೊಂದು ಟೀ ಗುಲಾಬಿಯೊಡನೆ ಕೂಡಿಸಿದಾಗ 1924ರಲ್ಲಿ ‘ಲೊರೇನ್ ಲೀ’ ಲಭಿಸಿತು. ಪದೇಪದೇ ಅರಳುವ ಗುಣ ಮರಳಿ ಬಂದಿತು.

ಮೊದಲ ತಲೆಮಾರಿನಲ್ಲಿ ಅಡಗಿದ ಗುಣ ಅಳಿದಿರುವುದಿಲ್ಲವೆಂಬುದನ್ನು ವೈದ್ಯರಾದ ನಾವು ಅನುವಂಶೀಯತೆಯ ಪಾಠದಲ್ಲಿ ಓದಿದ್ದೇವೆ. ಮೂಲದೊಡನೆ ಮತ್ತೊಮ್ಮೆ ಸಂಪರ್ಕವಾದಾಗ ಅದು ಮತ್ತೆ ಹೊರಬರಬಹುದು. ಭಾಷೆ ರಕ್ತದಲ್ಲಿ ಹರಿದುಬರುವಂಥದಲ್ಲ. ಆದರೂ ಮಕ್ಕಳ ನಾಲಗೆಯಲ್ಲಿ ಕನ್ನಡ ಅಡಗಿತೆಂದು ಕೊರಗುವ ನಮಗೆ ಕ್ಲಾರ್ಕರ ತಾಳ್ಮೆ ಅನುಕರಣೀಯವಾಗಿದೆ. ಸೇಂಟ್ ಕಿಲ್ಡಾ ಸಸ್ಯೋದ್ಯಾನದಲ್ಲಿ ಅವರ ಹೆಸರಿನ ಗುಲಾಬಿ ತೋಟವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಈ ಕಥೆಯನ್ನು ಕನ್ನಡದಲ್ಲಿಯೇ ಹೇಳೋಣ.